ಹೊಸೂರೋ ಹೊಸಕೋಟೆಯೋ: ಸೈಟ್ ದರ ಹೋಲಿಸಲು ಹೋಗಿ ನಾನು ಬೇಸ್ತು ಬಿದ್ದದ್ದು

ಬೊಮ್ಮಸಂದ್ರದಲ್ಲಿ ಕೆಲಸ, ಚಂದಾಪುರದಲ್ಲಿ ಬಾಡಿಗೆ ಮನೆ. 30–40 ಅಡಿಯ ಒಂದು ಸೈಟ್ ತಗೊಳ್ಳೋಣ ಅಂತ ಹೊರಟಾಗ ಮೂರು ಊರು ಕಣ್ಣ ಮುಂದಿದ್ದವು: ಆನೇಕಲ್, ಹೊಸಕೋಟೆ, ಗಡಿಯಾಚೆ ಹೊಸೂರು. ಬ್ರೋಕರ್‌ಗಳನ್ನು ಕೇಳಿದರೆ ಅವರವರ ಊರೇ ಚಿನ್ನ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನೋಡಿದರೆ ಬೆಂಗಳೂರಿಗೆಲ್ಲ ಒಂದೇ ಸಂಖ್ಯೆ. ಸರಿ, ನಾನೇ ಲೆಕ್ಕ ಹಾಕ್ತೀನಿ ಅಂತ ಕೂತೆ.

ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ, ಹಿಡಿದು ಶುರು ಮಾಡಿದೆ. ನಮ್ಮದು ಕಾವೇರಿ ಪೋರ್ಟಲ್‌ನಲ್ಲಿ, ತಮಿಳುನಾಡಿನದು ಟಿಎನ್‌ರೆಜಿನೆಟ್‌ನಲ್ಲಿ ಸಿಗುತ್ತದೆ. ಎಕ್ಸೆಲ್‌ಗೆ ಹಾಕಿ ಗೆರೆ ಎಳೆದರೆ ಹೊಸೂರಿನದು 2023ರಲ್ಲಿ ಒಂದೇ ನೆಗೆತಕ್ಕೆ ಅರ್ಧದಷ್ಟು ಮೇಲೆ! ಹೆಂಡತಿಯನ್ನು ಕರೆದು ತೋರಿಸಿದೆ, ‘ಈಗ ಬಿಟ್ಟರೆ ಮತ್ತೆ ಕೈಗೆ ಸಿಗಲ್ಲ’ ಅಂದೆ.

ಮುಂದಿನ ವಾರ ಹೊಸೂರಿಗೆ ಹೋಗಿ ಕ್ರಯಪತ್ರ ಬರೆಯುವ ಹಿರಿಯರೊಬ್ಬರಿಗೆ ಅದನ್ನೇ ತೋರಿಸಿದರೆ ಅವರು ನಕ್ಕುಬಿಟ್ಟರು. ‘ಇದು ಏರಿದ್ದಲ್ಲ ಸಾರ್, ಹಳೇ ರೇಟು ವಾಪಸ್ ಬಂದಿದ್ದು.’ 2017ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಈ ದರವನ್ನು ಶೇ 33ರಷ್ಟು ಇಳಿಸಿತ್ತು, 2023ರ ಏಪ್ರಿಲ್‌ನಲ್ಲಿ ಹಳೆಯದನ್ನೇ ತಂದಿತು. 100 ಇದ್ದದ್ದು 67 ಆಗಿ ಮತ್ತೆ 100 ಆದರೆ, 67ರಿಂದ ನೋಡುವವನಿಗೆ ಶೇ 50ರ ಹತ್ತಿರ ಏರಿದ ಹಾಗೆ ಕಾಣುತ್ತದೆ. ನಾನು ನೋಡಿದ್ದು ಮಾರುಕಟ್ಟೆಯನ್ನಲ್ಲ, ಸರ್ಕಾರಿ ಆದೇಶವನ್ನು. ನಮ್ಮಲ್ಲೂ 2023ರ ಅಕ್ಟೋಬರ್ 1ರಿಂದ ದರ ಪರಿಷ್ಕರಿಸಿದರು, ಅಲ್ಲೂ ಗೆರೆ ಅದೇ ತರ ಮೆಟ್ಟಿಲು ಹತ್ತಿತ್ತು.

ಆ ಹಾಳೆ ಅಳಿಸಿ, ಸೈಟ್‌ಗಳಿಗೆ ಹೇಳುವ ದರ ಬರೆದುಕೊಳ್ಳೋಕೆ ಒಂದು ನೋಟ್‌ಬುಕ್ ತಗೊಂಡೆ. ಮೊದಲು ಅಳತೆ ಒಂದೇ ಮಾಡಿಕೊಂಡೆ, ಹೊಸೂರಿನಲ್ಲಿ ಕೆಲವರು ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸೆಂಟ್ ಅಂದರೆ 435.6 ಚದರಡಿ, ನಮ್ಮ 30–40 ಸುಮಾರು ಎರಡೂಮುಕ್ಕಾಲು ಸೆಂಟ್. ಆಮೇಲೆ ಕಾಗದ. ಒಂದೇ ರಸ್ತೆಯಲ್ಲಿ ಒಂದು ಸೈಟ್ ಸಿಕ್ಕಾಪಟ್ಟೆ ಕಮ್ಮಿ ಇದ್ದರೆ ಅದು 11ಬಿ (ಲೇಔಟ್ ಅಪ್ರೂವಲ್ ಇಲ್ಲದ ಸೈಟ್‌ಗೆ ಗ್ರಾಮ ಪಂಚಾಯಿತಿ ಕೊಡುವ ಖಾತೆ) ಇರಬಹುದು, ಪಕ್ಕದ್ದು ಯೋಜನಾ ಪ್ರಾಧಿಕಾರ ಅಪ್ರೂವ್ ಮಾಡಿದ ಲೇಔಟ್ ಇರಬಹುದು. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಸರಾಸರಿಗೆ ಅರ್ಥವೇ ಇಲ್ಲ. ನಾನಂತೂ 11ಬಿಗೆ ಬೇರೆ ಪುಟ ಇಟ್ಟೆ.

ನೋಂದಣಿ ಖರ್ಚೂ ಸೇರಿಸಬೇಕು, ಬಹಳ ಜನ ಇದನ್ನು ಮರೀತಾರೆ. ಹೊಸೂರಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ 7, ನೋಂದಣಿ ಶುಲ್ಕ ಶೇ 2, ಒಟ್ಟು 9. ನಮ್ಮಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಎಲ್ಲ ಸೇರಿ 7.6ರ ಆಸುಪಾಸು. ಆನೇಕಲ್‌ಗೂ ಹೊಸೂರಿಗೂ ಇದ್ದ ವ್ಯತ್ಯಾಸ ಇಲ್ಲೇ ಸ್ವಲ್ಪ ಕರಗಿತು.

ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಇನ್ನೊಂದು. ಪ್ರತಿ ಊರಲ್ಲಿ ಐದೈದು ಸೈಟ್ ಗುರುತಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಅವೇ ನಂಬರ್‌ಗಳಿಗೆ ಫೋನ್ ಮಾಡ್ತೀನಿ. ಮಾರಿಹೋಯಿತಾ, ದರ ಬದಲಾಯಿತಾ, ಅಷ್ಟೇ ಪ್ರಶ್ನೆ. ಹೇಳುವ ದರ ಯಾರೂ ಸುಮ್ನೆ ಇಳಿಸಲ್ಲ, ಆದರೆ ಸೈಟ್ ಎಷ್ಟು ದಿನ ಹಾಗೇ ಬಿದ್ದಿದೆ ಅನ್ನೋದನ್ನು ಮುಚ್ಚಿಡಕ್ಕಾಗಲ್ಲ ಅಲ್ವಾ? ಹೊಸಕೋಟೆಯ ಐದರಲ್ಲಿ ಮೂರು ಆರು ತಿಂಗಳೊಳಗೆ ಹೋದವು. ಆನೇಕಲ್‌ನ ಒಂದು ಮೂಲೆ ಸೈಟ್‌ಗೆ ಈಗ ಹದಿನಾಲ್ಕನೇ ತಿಂಗಳು. ಮೊನ್ನೆ ಫೋನ್ ಮಾಡಿದರೆ, ನಾನು ಬಾಯಿ ಬಿಡೋಕೆ ಮುಂಚೆಯೇ ಬ್ರೋಕರ್ ಅಂದ: ‘ಸಾರ್, ಓನರ್ ಕೂತು ಮಾತಾಡೋಣ ಅಂತಿದ್ದಾರೆ.’