ಬಿಲ್ಡ್ ಶುರು ಮಾಡುವ ಮೊದಲು ಓಡಿಸಬೇಕಾದ ಸ್ಕ್ರಿಪ್ಟ್

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಸಾಫ್ಟ್‌ವೇರ್ ಬಿಲ್ಡ್ ಮಾಡುವವರ, ಅಂದರೆ ಮೂಲ ಕೋಡನ್ನು ಕಂಪೈಲ್ ಮಾಡಿ ಓಡುವ ಪ್ರೋಗ್ರಾಮ್ ತಯಾರಿಸುವವರ ಪಾಡು ನೋಡಬೇಕು. ಅರ್ಧ ಗಂಟೆ ಕಂಪೈಲ್ ಆಗಿ, ಆಮೇಲೆ ‘ಬೈಸನ್ ಇಲ್ಲ’ ಎಂದು ನಿಲ್ಲುತ್ತದೆ (ಬೈಸನ್ ಎಂದರೆ ಕೆಲವು ಬಿಲ್ಡ್‌ಗಳಿಗೆ ಬೇಕಾಗುವ ಒಂದು ಸಾಧನ). ಇಳಿಸಿಕೊಳ್ಳೋಣ ಅಂದರೆ ಅಷ್ಟರಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಬೇಕಾದ್ದೆಲ್ಲ ಇದೆಯೇ ಎಂದು ಮೊದಲೇ ನೋಡುವ ಪುಟ್ಟ ಶೆಲ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಇದ್ದರೆ ಈ ರಗಳೆ ಇಲ್ಲ.

ಮೊದಲು ಪಟ್ಟಿ. ಜಿಸಿಸಿ (ಸಿ ಕಂಪೈಲರ್), ಮೇಕ್ (ಬಿಲ್ಡ್ ನಡೆಸುವ ಸಾಧನ), ಬೈಸನ್, ಪೈಥಾನ್ – ಏನೇನು ಬೇಕೋ ಅದನ್ನು ಕನಿಷ್ಠ ವರ್ಶನ್ ಸಮೇತ ಬರೆದುಕೊಳ್ಳಿ.

ಆಮೇಲೆ ಒಂದು ಲೂಪ್. ಪ್ರತಿ ಹೆಸರನ್ನೂ ‘ಕಮಾಂಡ್ -ವಿ’ಗೆ ಕೊಟ್ಟು ನೋಡಿ, ಅದು ಸಿಸ್ಟಮ್‌ನಲ್ಲಿ ಇದೆಯೋ ಇಲ್ಲವೋ ತಿಳಿಯುತ್ತದೆ. ಅದೇ ಕೆಲಸದ ‘ವಿಚ್’ ಬೇಡ, ಕೆಲವು ಸಿಸ್ಟಮ್‌ಗಳಲ್ಲಿ ಅದೇ ಇರುವುದಿಲ್ಲ. ಮೊದಲ ಕೊರತೆಗೇ ಸ್ಕ್ರಿಪ್ಟ್ ನಿಲ್ಲಿಸಬೇಡಿ. ಇಲ್ಲದ್ದನ್ನೆಲ್ಲ ಒಂದು ವೇರಿಯಬಲ್‌ಗೆ ಸೇರಿಸುತ್ತ ಹೋಗಿ, ಕೊನೆಗೆ ಒಟ್ಟಿಗೆ ತೋರಿಸಿ. ನೆಟ್ ಇದ್ದಾಗ ಒಂದೇ ಸಲಕ್ಕೆ ಇಳಿಸಿಕೊಳ್ಳಬಹುದು, ಅಲ್ವಾ?

ಜಾಸ್ತಿ ಜನ ಎಡವುವುದು ವರ್ಶನ್ ಹೋಲಿಸುವಾಗ. ಪೈಥಾನ್ 3.9 ಸಾಕು, ನಿಮ್ಮಲ್ಲಿ 3.10 ಇದೆ ಎಂದುಕೊಳ್ಳಿ. ಅಕ್ಷರಗಳಂತೆ ಹೋಲಿಸಿದರೆ ಚುಕ್ಕೆಯ ನಂತರದ 1 ಎನ್ನುವುದು 9ಕ್ಕಿಂತ ಚಿಕ್ಕದು. ನಿಮ್ಮದು ಹಳೆಯದು ಎಂದು ಸ್ಕ್ರಿಪ್ಟ್ ತಳ್ಳಿಹಾಕುತ್ತದೆ. ದಶಮಾಂಶ ಎಂದುಕೊಂಡರೂ ಅಷ್ಟೇ, 3.10 ಅಂದರೆ 3.1 ಆಗಿಬಿಡುತ್ತದೆ. ಚುಕ್ಕೆಯ ಆಚೀಚೆಯ ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಓದಬೇಕು. ಅದಕ್ಕೆ ಸಾಲುಗಳನ್ನು ವರ್ಶನ್ ಕ್ರಮದಲ್ಲಿ ಜೋಡಿಸುವ ‘ಸಾರ್ಟ್ -ವಿ’ ಇದೆ. ಇಲ್ಲಿ ವಿ ಕ್ಯಾಪಿಟಲ್ ಅಕ್ಷರ, ಮರೆಯಬೇಡಿ. ಬೇಕಾದ ವರ್ಶನ್ ಒಂದು ಸಾಲು, ಇರುವ ವರ್ಶನ್ ಇನ್ನೊಂದು ಸಾಲು ಕೊಟ್ಟರೆ ಚಿಕ್ಕದು ಮೇಲೆ ಬರುತ್ತದೆ. ಮೇಲೆ ಬಂದಿದ್ದು ಬೇಕಾದ ವರ್ಶನ್ನೇ ಆಗಿದ್ದರೆ ಪಾಸ್.

ಇರುವ ವರ್ಶನ್ ತಿಳಿಯುವುದರಲ್ಲೂ ತಾಪತ್ರಯ ಇದೆ. ಉಬುಂಟು ಎಂಬ ಲಿನಕ್ಸ್‌ನಲ್ಲಿ ಜಿಸಿಸಿಗೆ ವರ್ಶನ್ ಕೇಳಿದರೆ ಬರುವ ಉತ್ತರದ ಮೊದಲ ಸಾಲಿನಲ್ಲಿ ಸಂಖ್ಯೆ ಎರಡು ಸಲ ಬರುತ್ತದೆ, ಒಂದು ಬ್ರಾಕೆಟ್ ಒಳಗೆ. ಅದಕ್ಕೆ ‘-ಡಂಪ್‌ಫುಲ್‌ವರ್ಶನ್’ ಕೇಳಿ, ಬರೀ ಸಂಖ್ಯೆ ಸಿಗುತ್ತದೆ. ಜಾವಾದ ‘-ವರ್ಶನ್’ ಉತ್ತರ ಎರರ್ ಔಟ್‌ಪುಟ್‌ಗೆ ಹೋಗುತ್ತದೆ. ಆ ದಾರಿಯನ್ನೂ ಪೈಪ್‌ಗೆ (ಒಂದು ಕಮಾಂಡಿನ ಉತ್ತರವನ್ನು ಮುಂದಿನದಕ್ಕೆ ದಾಟಿಸುವ ‘|’ ಗುರುತಿಗೆ) ತಿರುಗಿಸದಿದ್ದರೆ ಕೈಗೆ ಏನೂ ಸಿಗದು.

ಸ್ಕ್ರಿಪ್ಟ್‌ನಲ್ಲಿ ಷರತ್ತು ನೋಡಲು ಜೋಡಿ ಚೌಕ ಬ್ರಾಕೆಟ್ ಹಾಕುವುದಾದರೆ, ಅದನ್ನು ಓಡಿಸುವ ಶೆಲ್ ಯಾವುದೆಂದು ಹೇಳುವ ಮೊದಲ ಸಾಲಿನಲ್ಲಿ ‘ಬ್ಯಾಶ್’ ಎಂದೇ ಬರೆಯಿರಿ. ಉಬುಂಟುವಿನ ‘ಎಸ್‌ಎಚ್’ 2006ರ 6.10 ಆವೃತ್ತಿಯಿಂದ ಡ್ಯಾಶ್ ಎಂಬ ಬೇರೆ ಶೆಲ್. ಅದಕ್ಕೆ ಆ ಬ್ರಾಕೆಟ್ ಗೊತ್ತಿಲ್ಲ.

ಕಂಪೈಲರ್ ಇದ್ದ ಮಾತ್ರಕ್ಕೆ ನಂಬಬೇಡಿ. ಕೋಡ್‌ಗೆ ಮೊದಲಲ್ಲಿ ಸೇರಿಸಿಕೊಳ್ಳುವ ಹೆಡರ್ ಫೈಲ್‌ಗಳೇ ಇಲ್ಲದಿರಬಹುದು. ಅಂಥ ಒಂದು ಹೆಡರ್ ಆದ ‘ಎಸ್‌ಟಿಡಿಐಒ’ ಸೇರಿಸಿದ ಎರಡು ಸಾಲಿನ ಸಿ ಪ್ರೋಗ್ರಾಮನ್ನು ಸ್ಕ್ರಿಪ್ಟೇ ಕಂಪೈಲ್ ಮಾಡಿ ನೋಡಲಿ. ಆಗದಿದ್ದರೆ ಡೆಬಿಯನ್, ಉಬುಂಟುಗಳಲ್ಲಿ ‘ಬಿಲ್ಡ್-ಎಸೆನ್ಶಿಯಲ್’ ಪ್ಯಾಕೇಜ್ ಹಾಕಿಕೊಳ್ಳಿ.

ಕೆಲವು ಸ್ಕ್ರಿಪ್ಟ್‌ಗಳು ಕೇಳದೆಯೇ ‘ಸುಡೋ’ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಇನ್‌ಸ್ಟಾಲ್ ಮಾಡಿಬಿಡುತ್ತವೆ. ಅಂಥದ್ದನ್ನು ಸುಮ್ನೆ ಅಳಿಸಿಬಿಡಿ. ನೋಡುವ ಸ್ಕ್ರಿಪ್ಟ್ ನೋಡಿ ಹೇಳಿದರೆ ಸಾಕು. ಏನಾದರೂ ಕಡಿಮೆ ಇದ್ದರೆ ‘ಎಕ್ಸಿಟ್ 1’ ಕೊಡಲಿ, ಅಂದರೆ ಸೋತೆ ಎಂದು ಸೂಚಿಸಲಿ, ಮುಂದೆ ‘&&’ ಹಾಕಿ ಜೋಡಿಸಿದ ‘ಮೇಕ್’ ತಾನಾಗಿಯೇ ಶುರುವಾಗದೆ ನಿಲ್ಲುತ್ತದೆ.