ಹಿನ್ನೀರಿನ ದೋಣಿಗೆ ಇಂಜಿನ್ ಒಂದೋ, ಎರಡೋ?

ಹದಿನಾರು ಅಡಿಯ ಫೈಬರ್ ದೋಣಿ, ಐದು ಜನ, ಕೆಆರ್‌ಎಸ್ ಇಲ್ಲವೇ ಕಬಿನಿ ಹಿನ್ನೀರು. ಇದಕ್ಕೆ 50 ಎಚ್‌ಪಿಯ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ಒಂದು ಹಾಕಬೇಕೋ, 25ರದ್ದು ಎರಡು ಹಾಕಬೇಕೋ ಎಂದು ಕೇಳಿದರೆ ನಮ್ಮ ಉತ್ತರ ಹೀಗಿದೆ: ದೊಡ್ಡದು ಒಂದು, ಅದರ ಪಕ್ಕಕ್ಕೆ 6 ಎಚ್‌ಪಿಯ ಚಿಕ್ಕದೊಂದು, ಚಿಕ್ಕದಕ್ಕೆ ಅದರದೇ ಪೆಟ್ರೋಲ್ ಟ್ಯಾಂಕ್. ಜೋಡಿ ಇಂಜಿನ್ ಕೇಳುವವರೆಲ್ಲ ಹೇಳುವ ಕಾರಣ ಒಂದೇ, ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ ಅಂತ. ಆದರೆ ನಮ್ಮ ಹಿನ್ನೀರಲ್ಲಿ ಇಂಜಿನ್ ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಪೆಟ್ರೋಲಿನಲ್ಲಿ ಸೇರಿದ ನೀರು, ಪ್ರೊಪೆಲ್ಲರಿಗೆ ಸುತ್ತಿದ ಬಲೆ, ಇಂಜಿನ್ ತಂಪಾಗಿಡಲು ನೀರೆಳೆಯುವ ಬಾಯಿಗೆ ಕಟ್ಟಿದ ಕಳೆ. ಒಂದೇ ಟ್ಯಾಂಕಿನಿಂದ ಕುಡಿಯುವ, ಒಂದೇ ಆಳದಲ್ಲಿ ಅಕ್ಕಪಕ್ಕ ತಿರುಗುವ ಎರಡು ಇಂಜಿನ್ನುಗಳಿಗೆ ಈ ಮೂರೂ ಒಟ್ಟಿಗೇ ತಗಲುತ್ತವೆ.

ಮೊದಲಿಗೆ ಒಂದು ಮಾತು. ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ, ಕಬಿನಿ ಹಿನ್ನೀರು ನಾಗರಹೊಳೆ, ಬಂಡೀಪುರ ಎರಡು ಕಾಡುಗಳ ನಡುವೆ ಇದೆ. 2021ರ ಒಳನಾಡು ಹಡಗು ಕಾಯ್ದೆಯಂತೆ ಯಂತ್ರದ ದೋಣಿಗೆ ನೋಂದಣಿ, ತಪಾಸಣೆ ಬೇಕು. ಅನುಮತಿ ಕೈಗೆ ಬಂದ ಮೇಲೆಯೇ ಇಂಜಿನ್ನಿಗೆ ದುಡ್ಡು ಕೊಡಿ.

ದೋಣಿ ಎಷ್ಟು ಎಚ್‌ಪಿ ತಡೆಯುತ್ತದೆ

ದೋಣಿ ಕಟ್ಟಿದವರು ಗರಿಷ್ಠ ಎಚ್‌ಪಿ ಬರೆದುಕೊಟ್ಟಿದ್ದರೆ ಅದೇ ಕೊನೆ. ಬರೆದಿಲ್ಲದಿದ್ದರೆ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಬಳಸುವ ಲೆಕ್ಕ ಹಿಡಿಯಬಹುದು. ದೋಣಿಯ ಉದ್ದವನ್ನೂ ಟ್ರಾನ್ಸಮ್ಮಿನ, ಅಂದರೆ ಇಂಜಿನ್ ಕೂರುವ ಹಿಂಬದಿ ಹಲಗೆಯ ಅಗಲವನ್ನೂ ಅಡಿಯಲ್ಲಿ ಗುಣಿಸಿ. 16 ಅಡಿ ಉದ್ದ, 5 ಅಡಿ ಅಗಲವಾದರೆ 80. ಸ್ಟೀರಿಂಗ್ ಚಕ್ರ ಇದ್ದು, ಟ್ರಾನ್ಸಮ್ 20 ಇಂಚಾದರೂ ಎತ್ತರವಿದ್ದರೆ ಆ ಸಂಖ್ಯೆಯನ್ನು ಎರಡು ಪಟ್ಟು ಮಾಡಿ 90 ಕಳೆಯಿರಿ: 70 ಎಚ್‌ಪಿ. ಕೈಯಲ್ಲೇ ಹಿಡಿಕೆ ತಿರುಗಿಸುವ ದೋಣಿಯಾದರೆ 0.8ರಿಂದ ಗುಣಿಸಿ 25 ಕಳೆಯಿರಿ: 39, ಮೇಲಿನ ಐದಕ್ಕೆ ಏರಿಸಿದರೆ 40. ಚಪ್ಪಟೆ ತಳದ ದೋಣಿಗೆ ಇದಕ್ಕಿಂತ ಬಹಳ ಕಡಿಮೆ. ಜೋಡಿ ಹಾಕಿದರೆ ಈ ಮಿತಿ ಎರಡೂ ಇಂಜಿನ್ ಸೇರಿದ ಮೊತ್ತಕ್ಕೆ. ಜನರ ಲೆಕ್ಕಕ್ಕೆ ಅದೇ 80ನ್ನು 15ರಿಂದ ಭಾಗಿಸಿ, ಐದು ಜನ. ಆರನೆಯವರು ದಡದಲ್ಲಿ ಇರಲಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಲೆಕ್ಕವಿದೆ. ಕೆಆರ್‌ಎಸ್ ನೀರು ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು, ನೂರು ಮೀಟರಿಗೆ ಸುಮಾರು ಶೇ 1ರಂತೆ ಇಂಜಿನ್ನಿನ ಬಲ ಇಳಿಯುತ್ತದೆ. ಮಂಗಳೂರಲ್ಲಿ 50 ಎಚ್‌ಪಿ ಕೊಡುವ ಇಂಜಿನ್ ಇಲ್ಲಿ 46ರ ಆಸುಪಾಸಿಗೆ ಬರುತ್ತದೆ. ಕರಾವಳಿಯಲ್ಲಿ ಓಡಿದ ದೋಣಿಯನ್ನು ಪ್ರೊಪೆಲ್ಲರ್ ಸಮೇತ ಕೊಂಡು ತಂದವರಿಗೆ ಇಲ್ಲಿ ಅದು ನೀರಿನ ಮೇಲೆ ಏಳುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ ಅನ್ನಿಸಿದರೆ ಮೊದಲ ಅನುಮಾನ ಈ ಎತ್ತರದ ಮೇಲಿರಲಿ. ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ, ಇಳಿಸಿದರೆ ಅರ್ಧ ಕಾಯಿಲೆ ವಾಸಿ. ಪಿಚ್ ಒಂದು ಇಂಚು ಇಳಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 5000ದಿಂದ 6000ದವರೆಗೆ ಓಡಬೇಕಾದ ಇಂಜಿನ್, ಜನ ತುಂಬಿದಾಗ 4700ಕ್ಕೇ ನಿಂತರೆ ಎರಡು ಇಂಚು ಕಡಿಮೆ ಪಿಚ್ಚಿನದು ಹಾಕಿ.

ತೂಕ

50 ಎಚ್‌ಪಿಯ ಫೋರ್-ಸ್ಟ್ರೋಕ್ ಇಂಜಿನ್ ಸುಮಾರು 95ರಿಂದ 115 ಕೆಜಿ ತೂಗುತ್ತದೆ. 25ರದ್ದು ಒಂದಕ್ಕೆ 60ರಿಂದ 75 ಕೆಜಿ, ಜೋಡಿಗೆ 120ರಿಂದ 150. ಮೇಲೆ ಇನ್ನೊಂದು ಬ್ಯಾಟರಿ, ಇನ್ನೊಂದು ಜೊತೆ ಕೇಬಲ್, ಬೇರೆ ಟ್ಯಾಂಕ್ ಇಟ್ಟರೆ ಅದೂ, ಎಲ್ಲವೂ ಹಿಂಬದಿಗೇ. ಇಂಜಿನ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು. ಮನೆಯಲ್ಲಿರುವ 20 ಲೀಟರಿನ ಕ್ಯಾನುಗಳಿಗೆ ನೀರು ತುಂಬಿ, ಏಳು ಕ್ಯಾನನ್ನು ಟ್ರಾನ್ಸಮ್ಮಿಗೆ ಒತ್ತಿ ಇಡಿ, 140 ಕೆಜಿ ಆಯಿತು. ಇಬ್ಬರನ್ನು ಹಿಂದಕ್ಕೆ ಕೂರಿಸಿ, ಯಾಕೆಂದರೆ ಇಂಜಿನ್ ನಿಂತಾಗ ಎಲ್ಲರೂ ನೋಡಲು ಹಿಂದಕ್ಕೇ ಬರುತ್ತಾರೆ. ಈಗ ಟ್ರಾನ್ಸಮ್ಮಿನ ಅತಿ ತಗ್ಗಿನ ಅಂಚಿನಿಂದ ನೀರಿಗೆ ಎಷ್ಟು ಅಂತರ ನೋಡಿ. ಒಂದು ಗೇಣಿಗಿಂತ ಕಡಿಮೆ ಇದ್ದರೆ ಜೋಡಿ ಇಂಜಿನ್ನಿನ ಮಾತು ಅಲ್ಲಿಗೆ ಬಿಡಿ. ದೋಣಿ ಥಟ್ಟನೆ ನಿಂತಾಗ ಅದರದೇ ಅಲೆ ಹಿಂದಿನಿಂದ ಬಂದು ಒಳಗೆ ಹೊಯ್ಯುತ್ತದೆ.

ಹಲಗೆಯ ಗಟ್ಟಿತನವನ್ನೂ ನೋಡಿ. ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈಯಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಟಣ್ ಎಂದರೆ ಸರಿ, ಬೂದುಗುಂಬಳ ತಟ್ಟಿದಂತೆ ಮಂದ ಸದ್ದು ಬಂದಲ್ಲಿ ಒಳಗಿನ ಮರ ನೀರು ಕುಡಿದಿದೆ. ಜೋಡಿ ಇಂಜಿನ್ನಿಗೆ ಬೋಲ್ಟಿನ ತೂತು ಎಂಟು, ಸೀಲಂಟ್ ಸರಿಯಾಗಿ ತುಂಬದಿದ್ದರೆ ನೀರಿಳಿಯುವ ದಾರಿಯೂ ಎಂಟು.

ಪೆಟ್ರೋಲ್

ಫೋರ್-ಸ್ಟ್ರೋಕ್ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಮೂರನೇ ಒಂದು ಲೀಟರ್ ಹತ್ತಿರ ಸುಡುತ್ತದೆ, 50ಕ್ಕೆ 16 ಲೀಟರಿನಷ್ಟು. ಅಷ್ಟೇ ಎಚ್‌ಪಿಯ ಜೋಡಿಗೆ ಅದೇ ದೂರಕ್ಕೆ ಇನ್ನೂ ಹೆಚ್ಚು, ಏಕೆಂದರೆ ನೀರಿನೊಳಗೆ ಎಳೆಯಬೇಕಾದ ಗೇರ್‌ಕೇಸ್, ಅಂದರೆ ಗೇರು ಕೂರುವ ಕೆಳಭಾಗ, ಎರಡಾಗುತ್ತದೆ. ವೇಗವೂ ಒಂದರದ್ದೇ ತುಸು ಮೇಲು. ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಹಗುರ, ಅಗ್ಗ. ಆದರೆ ಕುಡಿದ ಪೆಟ್ರೋಲಿನಲ್ಲಿ ಕಾಲುಭಾಗದಷ್ಟನ್ನು ಸುಡದೆ ಎಣ್ಣೆ ಸಮೇತ ನೀರಿಗೇ ಬಿಡುತ್ತದೆ. ಮೈಸೂರೂ ಬೆಂಗಳೂರೂ ಕುಡಿಯುವುದು ಈ ಕಾವೇರಿ ನೀರನ್ನೇ, ಆದ್ದರಿಂದ ಅದನ್ನು ಇಲ್ಲಿಗೆ ತರಲೇಬೇಡಿ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳು ಶೇ 10ಕ್ಕೇ ಗೆರೆ ಎಳೆದಿವೆ, ಕೊಳ್ಳುವಾಗ ಈ ಪುಟವನ್ನು ಡೀಲರ್ ಎದುರಿಗೇ ತೆರೆದು ಓದಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೆಚ್ಚಾದಾಗ ನೀರಿನ ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ. ಇಂಜಿನ್ನಿನ ಕೊಳವೆ ಹೀರುವುದು ತಳದಿಂದಲೇ. ಎರಡು ವಾರ ನಿಂತ ಟ್ಯಾಂಕಿನ ತಳದಿಂದ ಒಂದು ಲೋಟದಷ್ಟನ್ನು ಪಾರದರ್ಶಕ ಗಾಜಿನ ಬಾಟಲಿಗೆ ತೆಗೆದು ನೆರಳಲ್ಲಿ ಒಂದು ಗಂಟೆ ಇಡಿ. ಕೆಳಗೆ ಬೇರೆ ಪದರ ಕಂಡು, ಬಾಟಲಿ ಓರೆ ಮಾಡಿದಾಗ ನಡುವಿನ ಗೆರೆ ಒಟ್ಟಿಗೇ ಜಾರಿದರೆ ಆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಮೇಲಿನದು ಚೆನ್ನಾಗಿದೆ ಎಂದು ಸೋಸಿ ಬಳಸುವಂತಿಲ್ಲ, ಎಥನಾಲ್ ಬಿಟ್ಟುಹೋದ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ. ನೀರು ಬೇರ್ಪಡಿಸುವ 10 ಮೈಕ್ರಾನಿನ ಫಿಲ್ಟರ್ ಪ್ರತಿ ಇಂಜಿನ್ನಿಗೂ ಒಂದೊಂದು ಬೇಕು.

ಬಲೆ, ಬೊಡ್ಡೆ, ಗಾಳಿ

ಹಿನ್ನೀರಿನ ತುಂಬ ಮೀನಿನ ಬಲೆಗಳಿರುತ್ತವೆ. ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿ, ಬಿಸಿಯಾಗಿ, ನೀರು ತಡೆಯುವ ಸೀಲನ್ನು ಕೊಯ್ಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಕಳಚಿ ನೋಡಿ, ಗೇರ್ ಆಯಿಲ್ ತೆಗೆದಾಗ ಅದು ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಜೋಡಿಯಿದ್ದರೆ ಎರಡರದ್ದೂ ಕಳಚಬೇಕು. ಕಬಿನಿಯಲ್ಲಿ ಮುಳುಗಿದ ಮರಗಳ ಒಣ ಬೊಡ್ಡೆಗಳಿವೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲ್ಮೈಗೆ ಅರ್ಧ ಅಡಿ ಕೆಳಗೆ ನಿಂತಿರುತ್ತವೆ. ನಡುವೆ ಇರುವ ಒಂಟಿ ಇಂಜಿನ್ನಿಗೆ ದೋಣಿಯ ತಗ್ಗಾದ ನಡುತಳ ಅಷ್ಟಿಷ್ಟು ಮರೆ ಕೊಡುತ್ತದೆ, ಅಂಚಿನಲ್ಲಿರುವ ಜೋಡಿಗೆ ಆ ಮರೆ ಕಡಿಮೆ. ಕಳೆ ಸಿಕ್ಕಿದಾಗ ಇಂಜಿನ್ ಆರಿಸಿ, ಕಿಲ್ ಸ್ವಿಚ್ಚಿನ, ಅಂದರೆ ಇಂಜಿನ್ ಥಟ್ಟನೆ ನಿಲ್ಲಿಸುವ ಸ್ವಿಚ್ಚಿನ ಬಳ್ಳಿ ಕಿತ್ತು, ಇಂಜಿನ್ ಮೇಲೆತ್ತಿದ ಮೇಲೆಯೇ ಕೈ ಹಾಕಿ. ನೀರಿಗೆ ಇಳಿಯಬೇಡಿ, ಕಾವೇರಿಯಲ್ಲೂ ಕಬಿನಿಯಲ್ಲೂ ಮೊಸಳೆಯಿದೆ.

ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಕೆಆರ್‌ಎಸ್ ಕಟ್ಟೆ ಇರುವುದು ಹಿನ್ನೀರಿನ ಮೂಡಲಿಗೆ. ಇಂಜಿನ್ ನಿಂತ ದೋಣಿ ಕಟ್ಟೆಯ ಕಡೆಗೇ ತೇಲುತ್ತದೆ. ಹಾಗಾಗಿ ನಿಂತ ಕೂಡಲೇ ಮಾಡಬೇಕಾದ ಮೊದಲ ಕೆಲಸ ಲಂಗರು ಬಿಡುವುದು, ಹಗ್ಗ ಆಳದ ಐದರಿಂದ ಏಳು ಪಟ್ಟು ಇರಲಿ. ಆಮೇಲೆ ಚಿಕ್ಕ ಇಂಜಿನ್.

ಚಿಕ್ಕ ಇಂಜಿನ್ ಆಯ್ದುಕೊಳ್ಳುವ ಬಗೆ ಹೀಗೆ. ದೋಣಿ 350 ಕೆಜಿ, ಇಂಜಿನ್ನುಗಳು 130, ಐದು ಜನ 350, ಪೆಟ್ರೋಲ್ ಸಾಮಾನು 50, ಒಟ್ಟು 880. ಇನ್ನೂರು ಕೆಜಿಗೆ ಒಂದು ಎಚ್‌ಪಿ ಎಂದರೆ ನಾಲ್ಕೂವರೆ, ಗಾಳಿಗೆ ಎದುರು ಹೋಗಲು 6. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದೇ ಬೇಕು, ಬ್ಯಾಟರಿ ಸತ್ತರೂ ನಡೆಯುತ್ತದೆ. ಬದಿಗೆ ಕೂರುವುದರಿಂದ ಉದ್ದ ಶಾಫ್ಟಿನದು ತೆಗೆದುಕೊಳ್ಳಿ, ಇಲ್ಲದಿದ್ದರೆ ದೋಣಿ ವಾಲಿದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ. ಇಟ್ಟುಬಿಟ್ಟ ಚಿಕ್ಕ ಇಂಜಿನ್ನುಗಳು ಬೇಕಾದ ದಿನ ಸ್ಟಾರ್ಟ್ ಆಗದಿರುವುದು ಕಾರ್ಬ್ಯುರೇಟರಿನಲ್ಲಿ ಅಂಟುಗಟ್ಟಿದ ಹಳೆ ಪೆಟ್ರೋಲಿನಿಂದ. ತಿಂಗಳಿಗೆ ಎರಡು ಸಲ ಹತ್ತು ನಿಮಿಷ ಓಡಿಸಿ, ಕೊನೆಗೆ ಪೆಟ್ರೋಲ್ ಪೈಪ್ ಕಳಚಿ ತಾನಾಗೇ ಆರಲು ಬಿಡಿ.

ಜೋಡಿ ಸರಿಯಾಗುವುದು ಯಾವಾಗ

ದೋಣಿ 24 ಅಡಿ ದಾಟಿ, ಟ್ರಾನ್ಸಮ್ 7 ಅಡಿ ಅಗಲವಿದ್ದು, ಹತ್ತಕ್ಕೂ ಹೆಚ್ಚು ಪ್ರಯಾಣಿಕರಿದ್ದರೆ ಜೋಡಿ ಹಾಕಿ. ಒಂದನ್ನು ಮುಂದಿನ ಗೇರಿಗೂ ಒಂದನ್ನು ಹಿಂದಿನ ಗೇರಿಗೂ ಹಾಕಿ ದೋಣಿಯನ್ನು ನಿಂತಲ್ಲೇ ತಿರುಗಿಸಬಹುದು, ಇಕ್ಕಟ್ಟಿನ ದೋಣಿಕಟ್ಟೆಯ ಬಳಿ ಇದು ದೊಡ್ಡ ಅನುಕೂಲ. ಟ್ಯಾಂಕ್, ಫಿಲ್ಟರ್, ಬ್ಯಾಟರಿ ಎರಡಕ್ಕೂ ಬೇರೆ ಬೇರೆ. ಎರಡು ಟ್ಯಾಂಕುಗಳ ನಡುವೆ ವಾಲ್ವ್ ಇದ್ದರೆ ಅದು ಸದಾ ಮುಚ್ಚಿರಬೇಕು. ಇಂಜಿನ್ನುಗಳ ನಡುವಿನ ಅಂತರ ಕೈಪಿಡಿ ಹೇಳಿದಷ್ಟಿದ್ದರೂ, ಬೋಲ್ಟ್ ಬಿಗಿಯುವ ಮೊದಲು ಒಂದನ್ನು ಪೂರ್ತಿ ಎತ್ತಿ, ಇನ್ನೊಂದನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ತಾಗದು ಎಂದು ಖಾತ್ರಿ ಮಾಡಿಕೊಳ್ಳಿ. ಹಳೆ ಜೋಡಿ ಕೊಳ್ಳುವುದಾದರೆ ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಅಳೆಸಿ, ಒಂದಕ್ಕೊಂದು ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇಡ.

ಒಂದು ನಿಂತಾಗ ಇನ್ನೊಂದರಲ್ಲಿ ಅದೇ ವೇಗ ಬರುತ್ತದೆ ಎಂದು ತಿಳಿಯಬೇಡಿ. ಪ್ರೊಪೆಲ್ಲರ್ ಆಯ್ದಿರುವುದು ಅರ್ಧ ಭಾರಕ್ಕೆ, ಈಗ ಅದರ ಮೇಲೆ ಪೂರ್ತಿ ಭಾರ. ಥ್ರಾಟಲ್ ತಿರುವಿದಷ್ಟೂ ಇಂಜಿನ್ ಏದುಸಿರು ಬಿಡುತ್ತದೆ, ವೇಗ ಏರುವುದಿಲ್ಲ, ಬಿಸಿ ಏರುತ್ತದೆ. ಸತ್ತದ್ದನ್ನು ನೀರಿನಿಂದ ಮೇಲೆತ್ತಿ, ಅರ್ಧ ಥ್ರಾಟಲ್‌ನಲ್ಲಿ ಹತ್ತಿರದ ದಡಕ್ಕೆ ನಡೆಸಿ, ಇಂಜಿನ್ನನ್ನು ತಂಪು ಮಾಡಿ ಹೊರಬರುವ ನೀರಿನ ಚಿಲುಮೆ ಸಣ್ಣಗಾಗುತ್ತಿದೆಯೇ ನೋಡುತ್ತಿರಿ.

ಒಂಟಿಯಾಗಲಿ ಜೋಡಿಯಾಗಲಿ, ಜನರನ್ನು ಹತ್ತಿಸುವ ಮೊದಲು ಅವರಷ್ಟೇ ತೂಕದ ನೀರಿನ ಕ್ಯಾನುಗಳನ್ನು ತುಂಬಿ ಗಾಳಿಯಿರುವ ಮಧ್ಯಾಹ್ನ ಹೊರಡಿ. ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ದೊಡ್ಡ ಇಂಜಿನ್ ಆರಿಸಿ. ಲಂಗರು ಬಿಟ್ಟು, ಚಿಕ್ಕದನ್ನು ಅದರ ಟ್ಯಾಂಕಿನಿಂದಲೇ ಸ್ಟಾರ್ಟ್ ಮಾಡಿ, ಲಂಗರು ಎತ್ತಿ, ಗಾಳಿಗೆ ಎದುರಾಗಿ ದಡಕ್ಕೆ ಬನ್ನಿ. ಬರಲಾಗದಿದ್ದರೆ 6ರದ್ದನ್ನು 8 ಅಥವಾ 9.9ಕ್ಕೆ ಬದಲಿಸುವ ತನಕ ಆ ದೋಣಿಗೆ ಜನ ಹತ್ತುವುದು ಬೇಡ.