ಆಸ್ಪತ್ರೆಗೆ ಹೋಗುವ ಮೊದಲೇ ಖರ್ಚೆಷ್ಟು ಅಂತ ಕೇಳಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಲ್ಲಿ ತುಂಬಾ ಜನಕ್ಕೆ ಡಾಕ್ಟರ್ ಹತ್ತಿರ ದುಡ್ಡಿನ ಮಾತೆತ್ತಲು ಸಂಕೋಚ. ಏನಂದುಕೊಳ್ಳುತ್ತಾರೋ ಅಂತ ಸುಮ್ನಿದ್ದುಬಿಡುತ್ತೇವೆ, ತಿಂಗಳು ಕಳೆದು ಬಿಲ್ ಮನೆಗೆ ಬಂದಾಗ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ಕೇಳಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ನಿಮಗೆ ಆ ಹಕ್ಕು ಕೊಟ್ಟಿದೆ.

ಇನ್ಶೂರೆನ್ಸ್ ಇಲ್ಲದಿದ್ದರೆ, ಅಥವಾ ಇದ್ದರೂ ಅದನ್ನು ಬಳಸದೆ ಕೈಯಿಂದ ಕಟ್ಟುವುದಾದರೆ, ಖರ್ಚಿನ ಅಂದಾಜನ್ನು ಡಾಕ್ಟರ್ ಅಥವಾ ಆಸ್ಪತ್ರೆಯವರು ಬರಹದಲ್ಲಿ ಕೊಡಲೇಬೇಕು. ಇದರ ಹೆಸರು ಗುಡ್ ಫೇತ್ ಎಸ್ಟಿಮೇಟ್. ಫೋನಿನಲ್ಲಿ ಇದೇ ಹೆಸರು ಹೇಳಿ. ನೀವಾಗಿಯೇ ಕೇಳಿದರೆ 3 ಕೆಲಸದ ದಿನಗಳೊಳಗೆ ಕೊಡಬೇಕು. ಬರೀ ವಿಚಾರಿಸುತ್ತಿದ್ದೇನೆ, ಇನ್ನೂ ಬುಕ್ ಮಾಡಿಲ್ಲ ಅಂದರೂ ಕೊಡಬೇಕು.

ಊರಿಂದ ಅಪ್ಪ ಅಮ್ಮ ಬಂದಾಗಂತೂ ಇದನ್ನು ಮರೆಯಬೇಡಿ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಅಮ್ಮನ ಮಂಡಿನೋವಿಗೆ ಎಂಆರ್‌ಐ ಬೇಕು ಅಂದರೆ ಖರ್ಚು ನಿಮ್ಮ ತಲೆ ಮೇಲೆಯೇ ಅಲ್ವಾ? ಎರಡು ಮೂರು ಕಡೆ ಎಸ್ಟಿಮೇಟ್ ತರಿಸಿ ನೋಡಿ, ಅದೇ ಎಂಆರ್‌ಐ ದೊಡ್ಡ ಆಸ್ಪತ್ರೆಯಲ್ಲಿ ಒಂದು ರೇಟು, ಹೊರಗಿನ ಇಮೇಜಿಂಗ್ ಸೆಂಟರ್‌ನಲ್ಲಿ ಎಷ್ಟೋ ಸಲ ಅದಕ್ಕಿಂತ ತೀರಾ ಕಡಿಮೆ.

ಕಾಗದ ಕೈಗೆ ಬಂದ ಮೇಲೆ ನಿಧಾನವಾಗಿ ಓದಿ. ಆಪರೇಷನ್ ಆದರೆ ಅರಿವಳಿಕೆ ಕೊಡುವವರು, ಲ್ಯಾಬ್‌ನವರು ಬೇರೆ ಬೇರೆ ಬಿಲ್ ಕಳಿಸಬಹುದು, ಅವರದ್ದೆಲ್ಲ ಈ ಒಂದೇ ಎಸ್ಟಿಮೇಟ್‌ನಲ್ಲಿ ಸೇರಿರದೇ ಇರಬಹುದು. "ಇನ್ಯಾರ್ಯಾರ ಬಿಲ್ ಬರುತ್ತೆ?" ಅಂತ ಬಾಯಿಬಿಟ್ಟು ಕೇಳಿ, ಅವರ ಹತ್ತಿರವೂ ಎಸ್ಟಿಮೇಟ್ ತಗೊಳ್ಳಿ.

ಕಾಗದ ಜೋಪಾನ. ಬಿಲ್ ಎಸ್ಟಿಮೇಟ್‌ಗಿಂತ 400 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಕರಾರು ಹಾಕಬಹುದು, ಬಿಲ್‌ನಲ್ಲಿರುವ ತಾರೀಖಿನಿಂದ 120 ದಿನದೊಳಗೆ, ಶುಲ್ಕ 25 ಡಾಲರ್. ಅದಕ್ಕೂ ಮೊದಲು ಬಿಲ್ಲಿಂಗ್ ಆಫೀಸಿಗೆ ಒಮ್ಮೆ ಫೋನ್ ಮಾಡಿ, ಐಟಂ ಪ್ರಕಾರ ಬಿಡಿಸಿದ ಬಿಲ್ ಕೇಳಿ. ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ. ಲಾಭಕ್ಕಲ್ಲದ ಆಸ್ಪತ್ರೆಗಳಲ್ಲಿ ಆದಾಯ ಕಡಿಮೆ ಇರುವವರಿಗೆ ರಿಯಾಯಿತಿಯ ನಿಯಮ ಇರಲೇಬೇಕು. ಅದನ್ನೂ ಕೇಳಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಂಪನಿ ಇನ್ಶೂರೆನ್ಸ್ ಬಳಸುವವರ ದಾರಿ ಬೇರೆ. ಡಾಕ್ಟರ್ ಆಫೀಸಿನಿಂದ ಸಿಪಿಟಿ ಕೋಡ್ (ಪ್ರತಿ ಪರೀಕ್ಷೆ, ಚಿಕಿತ್ಸೆಗೂ ಇರುವ ಬಿಲ್ಲಿಂಗ್ ಸಂಖ್ಯೆ) ತಗೊಂಡು, ಇನ್ಶೂರೆನ್ಸ್ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ, ನಿಮ್ಮ ಪಾಲು ಎಷ್ಟು, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನೀವು ಕೈಯಿಂದ ಕಟ್ಟಬೇಕಾದ ಮೊತ್ತ) ಎಷ್ಟು ಉಳಿದಿದೆ, ಆ ಜಾಗ ಇನ್-ನೆಟ್‌ವರ್ಕ್, ಅಂದರೆ ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವ ಜಾಗ ಹೌದಾ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಎದೆನೋವು, ಉಸಿರಾಟದ ತೊಂದರೆ ಅಂಥದ್ದಾದರೆ ಮಾತ್ರ ಎಸ್ಟಿಮೇಟ್‌ಗೆ ಕಾಯಬೇಡಿ. 911ಕ್ಕೆ ಫೋನ್ ಮಾಡಿ. ದುಡ್ಡು ಇರಲಿ ಬಿಡಲಿ, ಆಸ್ಪತ್ರೆಯ ಎಮರ್ಜೆನ್ಸಿಯವರು ಮೊದಲು ನಿಮ್ಮನ್ನು ಪರೀಕ್ಷಿಸಿ, ಜೀವಕ್ಕೆ ಅಪಾಯ ಇದ್ದರೆ ಚಿಕಿತ್ಸೆ ಕೊಡಬೇಕು ಅನ್ನುವ ಕಾನೂನು 1986ರಿಂದಲೇ ಇದೆ.